ಬಾಗಿಲ ಸ್ಲೇಟಿನ ಮೊದಲ ಹೆಸರು

ಈ ಸಭೆಗೂ ನಮ್ಮ ಹೆರಿಗೆ ಮನೆಯ ಸಮಿತಿಗೂ ಅಧ್ಯಕ್ಷರಾದ ಶ್ರೀಮಾನ್ ಪಟೇಲ್ ದೊಡ್ಡಸಿದ್ದಯ್ಯನವರೇ, ಕಾರ್ಯದರ್ಶಿ ಲಿಂಗಯ್ಯನವರೇ, ಬಿಡುವು ಮಾಡಿಕೊಂಡು ಮಂಡ್ಯದಿಂದ ಬಂದಿರುವ ಡಾಕ್ಟರ್ ಸಾಹೇಬರೇ, ಕುರ್ಚಿಗಳ ಮೇಲೆ ಕುಳಿತಿರುವ ಮದ್ದೂರಿನ ಮಹನೀಯರೇ, ಹಿಂದೆ ಚಾಪೆಯ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಕುಳಿತಿರುವ ತಾಯಂದಿರೇ, ಸಭಿಕರೇ,

ಮಕ್ಕಳು ಅತ್ತರೆ ಅಳಲಿ, ಹೊರಗೆ ಕರೆದುಕೊಂಡು ಹೋಗಬೇಡಿ. ಅವರ ಅಳು ನಿಮಗಿಂತ ಮೊದಲು ಕೇಳಿದವಳು ನಾನು. ನನಗೇನೂ ತೊಂದರೆಯಿಲ್ಲ.

ನಾನು ಭಾಷಣ ಮಾಡಿ ಬಲ್ಲವಳಲ್ಲ. ಲಿಂಗಯ್ಯನವರು ನಿನ್ನೆ ಒಂದು ಹಾಳೆ ಬರೆದು ಕೊಟ್ಟು, "ಇಷ್ಟು ಓದಿ ಕೂತ್ಕೊಂಬುಡಿ ನರ್ಸಮ್ಮ, ಐದು ನಿಮಿಷ" ಎಂದರು. ಹಾಳೆ ಇಲ್ಲೇ ಇದೆ. ಇದರಲ್ಲಿ "ನನ್ನ ಅಳಿಲು ಸೇವೆ" ಎಂಬ ಮಾತು ಮೂರು ಸಲ ಬಂದಿದೆ. ಎಂಟು ವರ್ಷದಲ್ಲಿ ಸಾವಿರದ ನಾನ್ನೂರು ಹೆರಿಗೆ ಮಾಡಿಸಿದವಳನ್ನು ಅಳಿಲು ಎಂದರೆ ಅಳಿಲಿಗೇ ಬೇಜಾರಾದೀತು. ಇರಲಿ, ಬರೆದವರ ಮರ್ಯಾದೆಗಾದರೂ ಓದಿ ಕೂತುಬಿಡಬೇಕೆಂದು ಎದ್ದು ಬಂದೆ. ಆದರೆ ಅಧ್ಯಕ್ಷರ ಮಾತು ಕೇಳಿದ ಮೇಲೆ ಓದಲು ಮನಸ್ಸು ಬರುತ್ತಿಲ್ಲ.

ಅಧ್ಯಕ್ಷರು ಏನೆಂದರು? ಮಲ್ಲಿಗಮ್ಮನ ಬಾಯಲ್ಲಿ ಇಲ್ಲ ಎಂಬ ಮಾತೇ ಇಲ್ಲ, ಯಾರು ಕರೆದರೂ ಹೆತ್ತ ತಾಯಿಯ ಹಾಗೆ ಬರುತ್ತಿದ್ದಳು ಎಂದರು. ಹುಟ್ಟೂರಿನ ಮೇಲಿನ ಆಸೆಯಿಂದ ತಾನೇ ಕೇಳಿ ಮಳವಳ್ಳಿಗೆ ವರ್ಗ ಮಾಡಿಸಿಕೊಂಡಿದ್ದಾಳೆ ಎಂದರು. ಕೊನೆಗೆ ಈ ಮೇಜಿನ ಮೇಲೆ ಹಾರ ಹಾಕಿ ಇಟ್ಟಿರುವ ಸ್ಲೇಟಿನ ಕಡೆಗೆ ಕೈ ತೋರಿಸಿ, "ಕೊಪ್ಪದ ದಾನಿಗಳಾದ ಶ್ರೀಮತಿ ಚಿಕ್ಕಬೋರಮ್ಮನವರು ನಮ್ಮ ಹೆರಿಗೆ ಮನೆಗೆ ಕೊಟ್ಟ ಈ ಸ್ಲೇಟನ್ನು ಇನ್ನು ಮುಂದೆ ಸಮಿತಿಯ ಕೋಣೆಯ ಗಾಜಿನ ಬೀರುವಿನಲ್ಲಿ ಗೌರವದಿಂದ ಇಡಲಾಗುವುದು" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಡಾಕ್ಟರ್ ಸಾಹೇಬರೂ ತಟ್ಟಿದರು. ಚಿಕ್ಕಬೋರಮ್ಮನಿಗೆ ಚಪ್ಪಾಳೆ ಬಿದ್ದದ್ದು ಇದೇ ಮೊದಲು.

ತಪ್ಪು ನಿಮ್ಮದಲ್ಲ. ನಮ್ಮೂರಲ್ಲಿ ಯಾವ ವಸ್ತುವಿನ ಮೇಲೆ ಹೆಸರಿದ್ದರೂ ಅದು ದಾನಿಯ ಹೆಸರೇ. ಗೋಡೆ ಗಡಿಯಾರದ ಮೇಲೆ ಹೆಸರಿದೆ, ಬೆಂಚಿನ ಮೇಲೆ ಹೆಸರಿದೆ, ನೀರಿನ ಹಂಡೆಯ ಮೇಲೂ ಇದೆ. ಸ್ಲೇಟಿನ ತಲೆಯ ಮೇಲೆ ಬಿಳಿ ಬಣ್ಣದಲ್ಲಿ "ಚಿಕ್ಕಬೋರಮ್ಮ, ಕೊಪ್ಪ" ಎಂದಿದ್ದರೆ ಇನ್ನೇನೆಂದು ತಿಳಿಯುತ್ತೀರಿ? ಮೂರು ವರ್ಷ ನೀವು ಹಾಗೆ ತಿಳಿಯಲಿ ಎಂದು ನಾನೇ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಮುಚ್ಚಿಕೊಳ್ಳಲಾರೆ.

ಮೊದಲು "ಇಲ್ಲ" ಎಂಬ ಮಾತಿನ ವಿಷಯ. ಅಧ್ಯಕ್ಷರೇ, ಈ ಮೂರು ವರ್ಷದಲ್ಲಿ ನಾನು ಇಲ್ಲ ಎಂದಷ್ಟು ಸಲ ಈ ತಾಲ್ಲೂಕಿನಲ್ಲಿ ಇನ್ನೊಬ್ಬರು ಅಂದಿರಲಾರರು. ನಿಮಗೆ ಮರೆತಿದೆಯೇ? ಮದುವೆಗೆ ಹೆಣ್ಣು ನೋಡಲು ಹೋಗುವವರು ನನ್ನನ್ನು ಜೊತೆಗೆ ಕರೆದರು. ಯಾಕೆ ಎಂದೆ. "ಉಡುಗಿ ಸೊಂಟ ನೋಡಿ, ಸಲೀಸಾಗಿ ಎರ್ತಾಳಾ ಇಲ್ವಾ ಯೋಳ್ಬುಡಮ್ಮ" ಎಂದರು. ನಾನು ಹೆರಿಗೆ ಮಾಡಿಸುವವಳು ಕಣ್ರಪ್ಪ, ಸಂತೆಯಲ್ಲಿ ದನ ನೋಡುವ ದಲ್ಲಾಳಿಯಲ್ಲ, ಬರುವುದಿಲ್ಲ ಎಂದೆ. ಇನ್ನೊಂದು ಮನೆಯಲ್ಲಿ ಮಗುವಿನ ನಾಮಕರಣಕ್ಕೆ ತೊಟ್ಟಿಲು ತೂಗುತ್ತಾ ಹಾಡಬೇಕು ಎಂದರು. ನನ್ನ ಕಂಠ ಕೇಳಿದ್ದರೆ ಅವರೇ ಬೇಡ ಅನ್ನುತ್ತಿದ್ದರು. ಮಂಡ್ಯದ ಮದುವೆಗೆ ಹೋಗಿಬರುತ್ತೇವೆ, ಮನೆಯ ಮಕ್ಕಳನ್ನು ನೋಡಿಕೊಂಡಿರು ಎಂದವರಿದ್ದಾರೆ. ಬಾಣಂತಿಯನ್ನು ನೋಡಲು ಕರೆಸಿ ಅತ್ತೆಯ ಕಾಲು ಒತ್ತಿಸಿದವರೂ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರು ಇಲ್ಲೇ ಎರಡನೆಯ ಸಾಲಿನಲ್ಲಿದ್ದಾರೆ.

ಇವೆಲ್ಲ ನಗುವ ಮಾತು, ನಕ್ಕುಬಿಡೋಣ. ಆದರೆ ಪುರುಡಿನ ಬಟ್ಟೆಯ ಮಾತಿಗೆ ನನಗೆ ನಗು ಬರುವುದಿಲ್ಲ. ಹೆರಿಗೆಯಾದ ಮೇಲೆ ರಕ್ತದ ಬಟ್ಟೆಯ ಮೂಟೆಯನ್ನು ನನ್ನ ಕಾಲ ಬಳಿ ಎಸೆದು "ನಿಮ್ಮಪ್ಪ ಒಗೀತಿರ್ಲಿಲ್ವಾ? ನಿಂಗೇನು ಒಸದಾ?" ಎಂದು ಕೇಳಿದ ಮನೆಗಳು ಒಂದೆರಡಲ್ಲ. ಹೌದು, ನನ್ನಪ್ಪ ಸಣ್ಣಯ್ಯ ಒಗೆಯುತ್ತಿದ್ದ. ಮಳವಳ್ಳಿಯಲ್ಲಿ ಅರ್ಧ ಊರಿನ ಬಟ್ಟೆ ಒಗೆದವನು ಅವನು. ಯಾರಿಗೂ ಇಲ್ಲ ಎಂದವನಲ್ಲ. ಜ್ವರ ಬಂದಾಗಲೂ ಕೆರೆಯ ನೀರಿನಲ್ಲಿ ನಿಂತಿದ್ದ. ಹೊತ್ತು ಮುಳುಗುವ ಮುಂಚೆ ಹಿತ್ತಲ ಬಾಗಿಲುಗಳಲ್ಲಿ ಮಡಕೆ ಹಿಡಿದು ನಿಲ್ಲುತ್ತಿದ್ದ, ಅವರು ಮೇಲಿನಿಂದ ಮುದ್ದೆ ಹಾಕುತ್ತಿದ್ದರು. ನಾನು ಅವನ ಪಂಚೆ ಹಿಡಿದು ಪಕ್ಕದಲ್ಲಿರುತ್ತಿದ್ದೆ. ಅಷ್ಟು ಮನೆಗಳಲ್ಲಿ ಒಂದು ಮನೆಯ ನಡುಮನೆಯನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ಒಳಗೆ ಹೇಗಿರುತ್ತದೆ ಎಂದು ಕೇಳಿದರೆ ಅಪ್ಪನಿಗೂ ಗೊತ್ತಿರಲಿಲ್ಲ.

ಹದಿನಾರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದೆ. ಅಪ್ಪ ನನ್ನನ್ನು ಮೈಸೂರಿಗೆ ಕಳಿಸಿ ಈ ಕೆಲಸ ಕಲಿಸಿದ. ಹೊರಟ ದಿನ ಒಂದೇ ಮಾತು ಹೇಳಿದ: "ಬಟ್ಟೆ ಕೈಬುಡ್ಲಿ ಅಂತ ಕಳಿಸ್ತಾ ಇವ್ನಿ ಕಣವ್ವ. ನಿನ್ನ ಕೈ ಒಟ್ಟೆಯಿಂದ ಕೂಸೆತ್ತೋ ಕೈ. ಅದ್ರಲ್ಲಿ ಇನ್ನೊಬ್ರ ಕೊಳೆ ಇಂಡಬ್ಯಾಡ." ಆ ಮಾತಿಗಾಗಿ ಬಟ್ಟೆಯ ಮೂಟೆಗೆ ಇಲ್ಲ ಎಂದೆ. ಸೊಕ್ಕಿನವಳು ಎಂದಿರಿ. ಆಗಲಿ, ಸೊಕ್ಕಿನವಳೇ. ಬಾಣಂತಿಯ ಗಾಯ ಮುಟ್ಟುವ ಕೈಯಲ್ಲಿ ಕೊಳೆ ಬಟ್ಟೆ ಹಿಂಡಿದರೆ ಬಾಣಂತಿಗೆ ನಂಜಾಗುತ್ತದೆ ಎಂದು ಎಷ್ಟು ಸಲ ಹೇಳಿಲ್ಲ? ಅದು ಯಾರ ಕಿವಿಗೂ ಬೀಳಲಿಲ್ಲ, ಅಗಸರ ಮಗಳು ಒಗೆಯುವುದಿಲ್ಲ ಎಂದದ್ದು ಮಾತ್ರ ಮದ್ದೂರಿನಿಂದ ಮಳವಳ್ಳಿಯವರೆಗೆ ಕೇಳಿಸಿತು.

ಈಗ ಚಿಕ್ಕಬೋರಮ್ಮನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮ ದೊಡ್ಡ ಮನೆಗಳ ಒಂದು ಪದ್ಧತಿಯನ್ನು ಡಾಕ್ಟರ್ ಸಾಹೇಬರಿಗೆ ಹೇಳಬೇಕು, ಅವರು ಹೊರಗಿನವರು. ಇಲ್ಲಿ ದೊಡ್ಡ ಮನೆಯ ಹೆಣ್ಣುಮಗಳಿಗೆ ಸೊಂಟ ಸ್ವಲ್ಪ ಹಿಡಿದುಕೊಂಡರೆ ಸಾಕು, ಕಮಾನು ಗಾಡಿ ಕಳಿಸಿ ನರ್ಸನ್ನು ಕರೆಸಿ ಮನೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಹೆರಿಗೆ ನಾಳೆಯಾಗಲಿ, ನಾಲ್ಕು ದಿನಕ್ಕಾಗಲಿ, ಅಲ್ಲಿಯವರೆಗೆ ನರ್ಸು ಅಲ್ಲೇ. ದೇವರ ಮುಂದೆ ದೀಪ ಹಚ್ಚಿಟ್ಟ ಹಾಗೆ ಅವಳೊಬ್ಬಳು ಇದ್ದರೆ ಮನೆಯವರಿಗೆ ಧೈರ್ಯ. ಹೆರಿಗೆ ಮನೆಯ ಬಾಗಿಲಲ್ಲಿ ಹತ್ತು ಹಳ್ಳಿಯವರು ಬಂದು ನಿಂತು ವಾಪಸು ಹೋಗುತ್ತಿರುತ್ತಾರೆ. ತಾಲ್ಲೂಕಿನ ಈ ಭಾಗಕ್ಕೆಲ್ಲ ಇರುವವಳು ಒಬ್ಬಳು. ಅವಳನ್ನು ಒಂದು ಮನೆ ಇಟ್ಟುಕೊಂಡರೆ ಉಳಿದವರು ಯಾರ ಹತ್ತಿರ ಹೋಗಬೇಕು?

ಮೂರು ವರ್ಷದ ಕೆಳಗೆ, ಸಂಕ್ರಾಂತಿ ಕಳೆದ ನಾಲ್ಕನೆಯ ದಿನ. ಕಬ್ಬಿನ ಗಾಡಿಗಳು ಸಾಲುಸಾಲಾಗಿ ಮಂಡ್ಯದ ಕಡೆಗೆ ಹೋಗುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಅಧ್ಯಕ್ಷರ ಮನೆಯ ಗಾಡಿ ಬಂತು. ಅವರ ಮಗಳು ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಹೋಗಿ ನೋಡಿದೆ, ಸುಳ್ಳು ನೋವು. ಇವತ್ತಿಲ್ಲ, ನಾಳೆಯೂ ಇಲ್ಲ ಎಂದು ಹೇಳಿದೆ. ಅಧ್ಯಕ್ಷರ ಧರ್ಮಪತ್ನಿ ದೊಡ್ಡತಾಯಮ್ಮನವರು, "ಆದ್ರೂ ಇರವ್ವ, ನೀನಿದ್ರೆ ನಮ್ಗೊಂದು ಧೈರ್ಯ" ಎಂದರು. ನನ್ನನ್ನು ಬಿಡಲಿಲ್ಲ.

ಹತ್ತೂವರೆಗೆ ಕೊಪ್ಪದಿಂದ ಹುಚ್ಚೀರಯ್ಯ ಎಂಬ ಒಕ್ಕಲಿನವನು ಬಂದ. ಸ್ಕೂಲು ಮೇಷ್ಟರ ಸೈಕಲ್ಲು ಕೇಳಿ ತಂದು, ಬೆಳಿಗ್ಗೆ ಹೊರಟು, ದಾರಿಯಲ್ಲಿ ಎರಡು ಸಲ ಬಿದ್ದು ಬಂದಿದ್ದ. ಮೊದಲು ಹೆರಿಗೆ ಮನೆಗೆ ಹೋಗಿ, ನಾನಿಲ್ಲವೆಂದು ತಿಳಿದು, ಅಧ್ಯಕ್ಷರ ಮನೆಯ ಅಂಗಳಕ್ಕೆ ಬಂದ. ಅವನ ಹೆಂಡತಿ ಚಿಕ್ಕಬೋರಮ್ಮನಿಗೆ ಹಿಂದಿನ ದಿನ ಸಂಜೆಯಿಂದ ನೋವು. ಕೂಸಿನ ಕೈ ಮೊದಲು ಹೊರಗೆ ಬಂದಿತ್ತು. ಹನ್ನೊಂದಕ್ಕೆ ಕೊಪ್ಪದ ಕಡೆಗೆ ಇದ್ದಿಲಿನ ಬಸ್ಸು ಹೊರಡುತ್ತಿತ್ತು, ಯುದ್ಧದ ಕಾಲದಲ್ಲಿ ಪೆಟ್ರೋಲು ಎಲ್ಲಿತ್ತು? ಅದರಲ್ಲಿ ಹತ್ತಿದ್ದರೆ ಹನ್ನೆರಡೂವರೆಗೆ ನಾನು ಕೊಪ್ಪದಲ್ಲಿ. ಕೈ ಬಂದ ಕೂಸನ್ನು ತಿರುಗಿಸಿ ತೆಗೆದು ತಾಯಿಯನ್ನು ಉಳಿಸುವುದು ನನಗೆ ಅದು ಮೊದಲನೆಯ ಸಲವಾಗುತ್ತಿರಲಿಲ್ಲ, ಅದಕ್ಕೆ ಮುಂಚೆ ನಾಲ್ಕು ಸಲ ಮಾಡಿದ್ದೆ.

ಹನ್ನೊಂದರ ಬಸ್ಸು ಹೋಯಿತು. ಹುಚ್ಚೀರಯ್ಯ ಅಂಗಳದ ಹುಣಿಸೆ ಮರದ ಕೆಳಗೆ ಕೂತೇ ಇದ್ದ. ನಾಲ್ಕು ಗಂಟೆಗೆ ನಾನು ಹೊರಗೆ ಬಂದೆ. ಆಗ ಅಧ್ಯಕ್ಷರು ತಮ್ಮ ಗಾಡಿಯನ್ನೇ ಕೊಟ್ಟರು, ಅದನ್ನು ಮುಚ್ಚಿಡುವುದಿಲ್ಲ. ಗಾಡಿ ಕೊಪ್ಪ ಮುಟ್ಟಿದಾಗ ದೀಪ ಹಚ್ಚುತ್ತಿದ್ದರು. ಚಿಕ್ಕಬೋರಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಅಧ್ಯಕ್ಷರ ಮಗಳು ಹೆತ್ತದ್ದು ಅದಾಗಿ ಮೂರನೆಯ ದಿನ, ಸುಖವಾಗಿ, ಗಂಡು ಮಗು. ಆ ಮಗು ಇಲ್ಲೇ ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೊಬ್ಬರಿಮಿಠಾಯಿ ತಿನ್ನುತ್ತಿದೆ. ನೂರು ವರ್ಷ ಬಾಳಲಿ. ಅದರ ತಪ್ಪೇನು?

ಚಿಕ್ಕಬೋರಮ್ಮ ಈ ಸ್ಲೇಟಿನ ದಾನಿಯಲ್ಲ ಸ್ವಾಮಿ. ಅವಳು ನಾನು ಹೊತ್ತಿಗೆ ಹೋಗದ ಮನೆಯ ಹೆಂಗಸು. ಅದೇ ವಾರ ಸಂತೆಯಲ್ಲಿ ಈ ದೊಡ್ಡ ಸ್ಲೇಟನ್ನು ತಂದೆ. ಗಾಡಿಗೆ ಬಣ್ಣ ಹೊಡೆಯುವವನ ಹತ್ತಿರ ಅವಳ ಹೆಸರು ಬರೆಸಿದೆ. "ಕೊಟ್ಟೋರ ಎಸ್ರಾ?" ಎಂದು ಅವನೂ ಕೇಳಿದ. ಬರಿ ಎಂದೆ. ಹೆರಿಗೆ ಮನೆಯ ಬಾಗಿಲಿಗೆ ತೂಗು ಹಾಕಿ ಆ ಹೆಸರಿನ ಕೆಳಗೆ ಬಳಪದಲ್ಲಿ ದಿನವೂ ಬರೆಯತೊಡಗಿದೆ: ಯಾರು ಕರೆಯಲು ಬಂದರು, ಯಾವ ಊರು, ನೋವು ಎಷ್ಟು ಹೊತ್ತಿನಿಂದ, ನಾನು ಈಗ ಎಲ್ಲಿದ್ದೇನೆ. ಯಾರಿಗೆ ಹೆಚ್ಚು ಅಪಾಯವೋ ಅವರ ಮನೆಗೆ ಮೊದಲು. ಪಟೇಲರಾದರೂ ಸರಿ, ಕೂಲಿಯವರಾದರೂ ಸರಿ, ಕಾಯುತ್ತಾ ಕೂರಲು ಯಾರ ಮನೆಗೂ ಬರುವುದಿಲ್ಲ. ಓದು ಬಾರದವರಿಗೆ ನಮ್ಮ ಆಯಾ ಓದಿ ಹೇಳುತ್ತಿದ್ದಳು.

ಇದರಲ್ಲಿ ಸಿಟ್ಟಾಗುವಂಥದ್ದೇನಿತ್ತು? ಸಿಟ್ಟಾದರು. ಹೋದ ಶ್ರಾವಣದಲ್ಲಿ ಅಧ್ಯಕ್ಷರ ತಂಗಿಯ ಸೊಸೆಗೆ ಕರೆ ಬಂತು. ಸ್ಲೇಟಿನಲ್ಲಿ ಅದಕ್ಕೆ ಮುಂಚೆ ಕಬ್ಬು ಕಡಿಯುವವಳೊಬ್ಬಳ ಹೆಸರಿತ್ತು, ಅವಳಿಗೆ ರಕ್ತ ಹೋಗುತ್ತಿತ್ತು. ಗಾಡಿಯನ್ನು ವಾಪಸು ಕಳಿಸಿ ಅವಳಲ್ಲಿಗೆ ಹೋದೆ. ಸಂಜೆ ಅಧ್ಯಕ್ಷರು ಹೆರಿಗೆ ಮನೆಯ ಬಾಗಿಲಿಗೆ ಬಂದು ನಿಂತು, "ನನ್ ಗಾಡಿ ಬರಿದಾಗಿ ಇಂದಕ್ಕೆ ಕಳಿಸ್ದೋಳು ನೀನೊಬ್ಳೇ ಕಣಮ್ಮ" ಎಂದರು. ಹೌದು ಎಂದೆ. ಎರಡು ತಿಂಗಳಿಗೆ ವರ್ಗದ ಕಾಗದ ಬಂತು. ನಾನು ಕೇಳಿದ ವರ್ಗವಂತೆ. ಅರ್ಜಿ ಎಲ್ಲಿದೆ ತೋರಿಸಿ. ನನ್ನ ರುಜು ನಾನು ಬಲ್ಲೆ.

ಲಿಂಗಯ್ಯನವರು ಗಡಿಯಾರ ತೋರಿಸುತ್ತಿದ್ದಾರೆ. ಐದು ನಿಮಿಷ ಎಂದೋ ಮುಗಿಯಿತು, ಗೊತ್ತಿದೆ. ಅಧ್ಯಕ್ಷರನ್ನು ಬೈದು ಹೋಗುವುದಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ನಿನ್ನೆ ಇನ್ನೊಂದು ನಡೆಯಿತು.

ನನ್ನ ಜಾಗಕ್ಕೆ ಬಂದಿರುವ ಪಟ್ಟಲಮ್ಮ ಆ ಕಂಬದ ಹತ್ತಿರ ಕೂತಿದ್ದಾಳೆ. ಹಲಗೂರಿನ ಕಡೆಯ ಹುಡುಗಿ, ಇಪ್ಪತ್ತೆರಡು ವರ್ಷ, ಒಳ್ಳೆಯ ಕೈ. ಬಂದು ಆರು ದಿನವಾಯಿತು. ನಿನ್ನೆ ಅಧ್ಯಕ್ಷರ ಮನೆಯಿಂದ ಅವಳಿಗೆ ಕರೆ ಬಂದಿತ್ತು, ಸೊಸೆಯನ್ನು ನೋಡಲು. ಹೋಗಿ ಬಂದವಳ ಮುಖ ಅರಳಿತ್ತು. "ಎಷ್ಟೊಳ್ಳೇವ್ರು ಕಣಕ್ಕ! ನಡುಮನೇಲೇ ಮಣೆ ಆಕಿ ಕೂರ್ಸಿ ಒತ್ತು ಶಾವಿಗೆ, ಕಾಯಾಲು ಬಡಿಸಿದ್ರು. ನಾಳೆಯಿಂದ ಎರಿಗೆ ಆಗೋಗಂಟ ಅಲ್ಲೇ ಇರು ಅಂದವ್ರೆ" ಎಂದಳು.

ಸಭಿಕರೇ, ಸ್ವಲ್ಪ ಮುಂಚೆ ನಾನು ನಿಮಗೆ ಒಂದು ಸುಳ್ಳು ಹೇಳಿದೆ. ಆ ದಿನ ನನ್ನನ್ನು ಬಿಡಲಿಲ್ಲ ಎಂದೆ. ಮೂರು ವರ್ಷದಿಂದ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಬಾಗಿಲಿಗೆ ಯಾರೂ ಚಿಲಕ ಹಾಕಿರಲಿಲ್ಲ. ದೊಡ್ಡತಾಯಮ್ಮನವರು ನಡುಮನೆಯಲ್ಲಿ ಮಣೆ ಹಾಕಿದ್ದರು. ನನಗೆ. ಸಣ್ಣಯ್ಯನ ಮಗಳಿಗೆ. ನನ್ನಪ್ಪ ಮಡಕೆ ಹಿಡಿದು ನಿಂತ ಜೀವಮಾನದಲ್ಲಿ ಕಾಣದ ನಡುಮನೆಯಲ್ಲಿ ಕೂತು, ಬೆಳ್ಳಿ ಬಟ್ಟಲಲ್ಲಿ ಕಾಯಿಹಾಲು ಹಾಕಿಸಿಕೊಂಡು ನಾನು ಶಾವಿಗೆ ಉಣ್ಣುತ್ತಿದ್ದೆ. ಆಳು ಬಂದು, "ಕೊಪ್ಪದೋನು ಯಾವನೋ ಬಂದವ್ನೆ" ಎಂದ. ಏನಂತೆ ಎಂದು ಒಂದು ಮಾತು ಕೇಳಬೇಕಾಗಿತ್ತು. ಕೇಳಿದ್ದರೆ ಕೈ ಬಂದಿರುವುದು ತಿಳಿಯುತ್ತಿತ್ತು, ಎಲೆ ಬಿಟ್ಟು ಏಳುತ್ತಿದ್ದೆ. ಕೇಳಲಿಲ್ಲ. "ಕೂತಿರಲಿ, ಬರುತ್ತೇನೆ" ಎಂದೆ. ಊಟವಾಯಿತು, ಎಲೆಅಡಿಕೆಯಾಯಿತು. ದೊಡ್ಡತಾಯಮ್ಮನವರು ನನ್ನ ಕಷ್ಟಸುಖ ವಿಚಾರಿಸಿದರು. ಯಾರೂ ವಿಚಾರಿಸಿರಲಿಲ್ಲ ನೋಡಿ, ಹೇಳುತ್ತಾ ಕೂತೆ. ಅಪ್ಪನ ವಿಷಯ ಹೇಳಿ ಅತ್ತೆ ಕೂಡ. ಬಸ್ಸಿನ ಸದ್ದು ಕೇಳಿಸಿತು. ಅದು ಕೊಪ್ಪದ ಬಸ್ಸೆಂದು ಗೊತ್ತಿತ್ತು. ಆದರೂ ಏಳಲಿಲ್ಲ, ಮಾತಿನಲ್ಲೇ ನಾಲ್ಕು ಗಂಟೆಯಾಯಿತು.

ಗಾಡಿಯಲ್ಲಿ ಕೊಪ್ಪಕ್ಕೆ ಹೋಗುವಾಗ ಹುಚ್ಚೀರಯ್ಯ ಹಿಂದೆ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇವತ್ತು ಇಷ್ಟು ಮಾತನಾಡುತ್ತಿರಲಿಲ್ಲವೋ ಏನೋ. ಸ್ವಲ್ಪ ದೂರ ಹೋದ ಮೇಲೆ ಗಾಡಿಯ ಹತ್ತಿರಕ್ಕೆ ಬಂದು ಕೇಳಿದ: "ಊಟ ಆಯ್ತಾ ಅವ್ವಾ?"

ನಾವು ಯಾರನ್ನು ಕಂಡರೂ ಕೇಳುವ ಮಾತು. ಅವನು ಮರ್ಯಾದೆಗೆ ಕೇಳಿದ, ಮನಸ್ಸಿನಲ್ಲಿ ಇನ್ನೇನೂ ಇರಲಿಲ್ಲ. ಆಯಿತಪ್ಪಾ ಎಂದೆ. ಆ ಮೇಲೆ ಇವತ್ತಿನವರೆಗೆ ನಾನು ಯಾರ ಮನೆಯ ಒಳಗೂ ಉಂಡಿಲ್ಲ.

ಪಟ್ಟಲಮ್ಮ, ತಲೆ ತಗ್ಗಿಸಬೇಡ, ನಿನ್ನನ್ನು ಅನ್ನುತ್ತಿಲ್ಲ. ಬಟ್ಟೆಯ ಮೂಟೆ ಎಸೆಯುವವರಿಗೆ ಇಲ್ಲ ಎನ್ನುವುದು ನಿನಗೂ ಬರುತ್ತದೆ, ಸಿಟ್ಟೇ ಹೇಳಿಸುತ್ತದೆ. ಮಣೆ ಹಾಕಿ ಕೂರಿಸುವವರಿಗೆ ಇಲ್ಲ ಎನ್ನುವುದು ಕಷ್ಟ ಕಣಮ್ಮ. ನನಗೆ ಬರಲಿಲ್ಲ. ಅದನ್ನು ನಿನಗೆ ಹೇಳಿಕೊಡದೆ ಬಸ್ಸು ಹತ್ತಿದರೆ ನನಗೆ ಅನ್ನ ಇಳಿಯುವುದಿಲ್ಲ.

ಅಧ್ಯಕ್ಷರೇ, ನಿಮ್ಮ ಸೊಸೆಯನ್ನು ಮೊನ್ನೆ ನಾನೇ ನೋಡಿದ್ದೇನೆ. ಇನ್ನೂ ಎಂಟು ದಿನವಿದೆ. ಈ ಹುಡುಗಿಯನ್ನು ಕೂರಿಸಿಕೊಳ್ಳಬೇಡಿ. ನೋವು ಬಂದಾಗ ಹೇಳಿ ಕಳಿಸಿ, ಓಡಿ ಬರುತ್ತಾಳೆ. ಸ್ಲೇಟನ್ನು ಗಾಜಿನ ಬೀರುವಿಗೆ ಹಾಕಿ ಬೀಗ ಹಾಕಬೇಡಿ, ಅದರ ಜಾಗ ಬಾಗಿಲು.

ಅಲ್ಲಿ ಬಾಗಿಲಲ್ಲಿ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದಾರಲ್ಲ, ಅವರು ಯಾರು? ಸಭೆಗೆ ಬಂದವರ ಹಾಗೆ ಕಾಣುತ್ತಿಲ್ಲ. ಅಪ್ಪಾ, ಎಷ್ಟು ಹೊತ್ತಿನಿಂದ ನಿಂತಿದ್ದೀರಿ? ನನಗೆ ಹಾರ ಹಾಕುವಾಗಿನಿಂದಲೇ? ಸಭೆ ಮುಗಿಯಲಿ ಅಂದರೇ? ಯಾರು ಅಂದರು? ಬೇಡ, ಹೇಳಬೇಡಿ, ಲಿಂಗಯ್ಯನವರ ಮುಖ ನೋಡಿದರೆ ಗೊತ್ತಾಗುತ್ತದೆ.

ಪಟ್ಟಲಮ್ಮ, ಎದ್ದು ಬಾ. ಅಧ್ಯಕ್ಷರ ಕಡೆ ನೋಡಬೇಡ, ಇಲ್ಲಿ ನೋಡು. ಸ್ಲೇಟಿನ ಹಾರ ತೆಗೆದು ಪಕ್ಕಕ್ಕಿಡು. ಬಳಪ ತಗೋ. ಮೇಲಿನ ಹೆಸರು ಬಣ್ಣದ್ದು, ಅದನ್ನು ಒರೆಸಿದರೂ ಹೋಗುವುದಿಲ್ಲ. ಅದರ ಕೆಳಗೆ ಬರೆ. ಯಾವೂರು ಕೇಳು. ನೋವು ಯಾವಾಗಿನಿಂದ ಕೇಳು. ಮೊದಲು ಏನು ಕಾಣಿಸಿತು, ತಲೆಯೋ ಕೈಯೋ, ಅದನ್ನೂ ಕೇಳು. ಹಾಂ. ಹಾಗೆ. ಹೊರಡು.

ಅಧ್ಯಕ್ಷರೇ, ಇವಳನ್ನು ನಿಮ್ಮ ಮನೆಗೆ ಕರೆದೊಯ್ಯಲು ಹೊರಗೆ ಗಾಡಿ ಹೂಡಿ ನಿಲ್ಲಿಸಿದ್ದೀರಲ್ಲ, ಅದರಲ್ಲೇ ಹೋಗುತ್ತಾಳೆ. ಆ ದಿನ ನಾಲ್ಕು ಗಂಟೆಗೆ ಕೊಟ್ಟಿರಿ, ಇವತ್ತು ಹೊತ್ತಿಗೆ ಸರಿಯಾಗಿ ಕೊಟ್ಟ ಹಾಗಾಗುತ್ತದೆ. ಇದಕ್ಕೆ ನಿಮಗೆ ಕೃತಜ್ಞತೆ ಹೇಳುತ್ತೇನೆ, ಮನಸ್ಸಿನಿಂದಲೇ.

ಹಾರ ತಂದವರಿಗೆ, ಚಾಪೆ ಹಾಸಿದವರಿಗೆ, ಇಷ್ಟು ಹೊತ್ತು ನನ್ನ ಸಿಟ್ಟು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ಈಗ ಊಟವಿದೆಯಂತೆ, ಒಳಗೆ ನನಗೂ ಎಲೆ ಹಾಕಿದ್ದಾರಂತೆ. ನೀವು ಶುರುಮಾಡಿ, ನನ್ನನ್ನು ಕಾಯಬೇಡಿ. ಪಟ್ಟಲಮ್ಮ ಹೋಗಿ ಬರಲಿ. ಅವಳು ಬಂದ ಮೇಲೆ, ಅಲ್ಲಿ ತಾಯಿ ಮಗು ಹೇಗಿದ್ದಾರೆಂದು ಕೇಳಿಕೊಂಡು, ಇಬ್ಬರೂ ಹೊರಜಗಲಿಯಲ್ಲಿ ಕೂತು ಉಣ್ಣುತ್ತೇವೆ.

ಎಲ್ಲರಿಗೂ ನಮಸ್ಕಾರ.